ಪಟ್ಟಿಯ ಮೊದಲ ಹೆಸರು ನನ್ನದೇ ಆಗಿತ್ತು

ಇದು ಕಳೆದ ವರ್ಷ, ರಂಜಾನ್ ಹಬ್ಬ ಕಳೆದು ಎರಡು ವಾರವಾದಾಗ ವಾಮದಪದವಿನ ನಮ್ಮ ಮನೆಯ ಊಟದ ಮೇಜಿನಲ್ಲಿ ನಡೆದ ಸಂಗತಿ.

ಅದಕ್ಕೆ ಸ್ವಲ್ಪ ಮೊದಲು ನನ್ನ ತಂಗಿಯ ಹೆರಿಗೆಗೆ ಒ ನೆಗೆಟಿವ್ ರಕ್ತ ಬೇಕಾಗಿತ್ತು. ಯಾರ್ಯಾರಿಗೋ ಫೋನ್ ಮಾಡಿ ಸಾಕಾದ ಮೇಲೆ ಬೆಳ್ತಂಗಡಿ ಕಡೆಯ ಒಬ್ಬ ಅಪರಿಚಿತ ಹೆಣ್ಣುಮಗಳು ಬಂದು ಕೊಟ್ಟಳು. ಅಲ್‌ಹಮ್ದುಲಿಲ್ಲಾಹ್, ತಾಯಿ ಮಗು ಇಬ್ಬರೂ ಉಳಿದರು. ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುವ ನನ್ನ ಮಗಳು ನಾಝಿಯಾ ಆಗ, “ಉಮ್ಮ, ರಕ್ತ ಕೊಡುವ ಹೆಂಗಸರದ್ದೇ ಒಂದು ಆ್ಯಪ್ ಮಾಡುವ” ಎಂದಳು. ಯಾವ ಊರಿನಲ್ಲಿ ಯಾವ ಗುಂಪಿನ ರಕ್ತದವರು ಎಷ್ಟು ಜನ ಇದ್ದಾರೆ ಎಂಬುದಷ್ಟೇ ಹೊರಗಿನವರಿಗೆ ಕಾಣಬೇಕು. ಹೆಸರು, ಫೋನ್ ನಂಬರ್ ಒಳಗೇ ಇರಬೇಕು. ಬೇಕಾದಾಗ ನಮ್ಮ ಮಹಿಳಾ ಸಂಘದವರು ಫೋನ್ ಮಾಡಿ ಕೇಳುವುದು.

ಕೋಡ್ ಬರೆಯುವುದು ಅವಳ ಕೆಲಸ, ನಂಬರ್ ತರುವುದು ನನ್ನದು. ಗುರುವಾಯನಕೆರೆಯವರೆಗೂ ಬಸ್ಸಿನಲ್ಲಿ ಹೋಗಿ ಮನೆ ಮನೆ ಹತ್ತಿಳಿದೆ. “ನಂಬರ್ ಹೊರಗೆ ಹೋಗ್ತದಾ ಜಮೀಲಾ?” ಎಂದು ಎಲ್ಲರೂ ಕೇಳುವವರೇ. “ಇಲ್ಲ, ನನ್ನ ಮೇಲೆ ಬಿಡಿ” ಎನ್ನುತ್ತಿದ್ದೆ. ಹಾಗೆ ಇನ್ನೂರ ಹದಿಮೂರು ಹೆಂಗಸರು ಕೊಟ್ಟರು.

ಪಕ್ಕದ ಮನೆಯ ಲಲಿತಕ್ಕ ಮಾತ್ರ ಕೊಡಲಿಲ್ಲ. ಅವರದ್ದೂ ಒ ನೆಗೆಟಿವ್ ಎಂಬುದು ನನಗೆ ಗೊತ್ತಾದದ್ದೇ ಹೆರಿಗೆ ಕಳೆದ ಮೇಲೆ. ಹಿಂದೊಮ್ಮೆ ಅಂಗಡಿಯ ಲಕ್ಕಿ ಕೂಪನ್ನಿನಲ್ಲಿ ನಂಬರ್ ಬರೆದುಕೊಟ್ಟು, ತಿಂಗಳುಗಟ್ಟಲೆ ಗುರುತಿಲ್ಲದವರ ಫೋನಿನ ಕಾಟ ಅನುಭವಿಸಿ, ಸಿಮ್ಮನ್ನೇ ಬದಲಾಯಿಸಿದವರು. “ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ ಮಾರಾಯ್ತಿ. ಅದರ ಒಳಗೆ ಎಂತ ಉಂಟು ಅಂತ ನಿನಗೆ ಗೊತ್ತುಂಟಾ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಭಾನುವಾರ ಶಾಲೆಯ ಹಾಲ್‌ನಲ್ಲಿ ಆ್ಯಪ್‌ನ ಉದ್ಘಾಟನೆ ಎಂದಾಗಿತ್ತು. ಶುಕ್ರವಾರ ಸಂಜೆ ಅಸರ್ ನಮಾಜ್ ಮುಗಿಸಿ, ಬಸಳೆ ಸೋಸುತ್ತಾ ನಾಝಿಯಾಳ ಪಕ್ಕ ಕುಳಿತೆ. ಅವಳ ಲ್ಯಾಪ್‌ಟಾಪಿನ ತುಂಬ ಕೆಂಪು ಗುರುತುಗಳು.

“ಇದೆಂತ?”

“ಕೋಡ್ ಪರೀಕ್ಷೆ ಮಾಡುವ ಸಾಫ್ಟ್‌ವೇರ್ ಉಮ್ಮ. ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ. ಬರೆದದ್ದನ್ನು ಸಾಲು ಸಾಲು ಓದಿ, ಎಲ್ಲಿ ಅಪಾಯ ಉಂಟು ಅಂತ ಹೇಳ್ತದೆ. ನೀವು ಲೈಟರ್ ಒತ್ತುವ ಮೊದಲು ಗ್ಯಾಸಿನ ಪೈಪು ಮೂಸುವುದಿಲ್ಲವಾ, ಹಾಗೆ.”

“ಎಷ್ಟು ಕಡೆ ಅಪಾಯ ಅಂತೆ?”

“ಮೂವತ್ತೊಂದು. ಹೆಚ್ಚಿನದ್ದು ಸುಳ್ಳು ಗಾಬರಿ. ಇದರ ಮೂಗೂ ನಿಮ್ಮ ಮೂಗಿನ ಹಾಗೆಯೇ, ಬೆಳ್ಳುಳ್ಳಿ ಒಗ್ಗರಣೆಯೂ ಗ್ಯಾಸ್ ಅಂತ ಕಾಣ್ತದೆ. ಎಲ್ಲವನ್ನೂ ಒಟ್ಟಿಗೆ ಬದಿಗೆ ಹಾಕ್ತೇನೆ. ನಾಡಿದ್ದು ಕಾರ್ಯಕ್ರಮ ಅಲ್ಲವಾ.”

ಅವಳ ಕೈ ಹಿಡಿದುಕೊಂಡೆ. ಲಲಿತಕ್ಕನ ಪ್ರಶ್ನೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

“ಬೆಳ್ಳುಳ್ಳಿ ಆದರೂ ನಾನು ಒಮ್ಮೆ ಎದ್ದು ಹೋಗಿ ನೋಡ್ತೇನಲ್ಲ ಮೋಳೆ. ಜನ ನಂಬಿ ಕೊಟ್ಟದ್ದು ಇದು, ಅಮಾನತ್. ಒಂದೊಂದೇ ಓದು, ನನಗೆ ಅರ್ಥ ಆಗುವ ಹಾಗೆ ಹೇಳು.”

ಗೊಣಗುತ್ತಲೇ ಶುರು ಮಾಡಿದಳು. ಮೊದಲನೆಯದು ಎಲ್ಲಿಯೂ ಬಳಕೆಯಾಗದ ಸಾಲು. ಎರಡನೆಯದು ಅವಳು ಅಭ್ಯಾಸಕ್ಕೆಂದು ಬರೆದು ಅಳಿಸಲು ಮರೆತದ್ದು. ಐದು, ಎಂಟು, ಹನ್ನೆರಡು, ಎಲ್ಲವೂ ಬೆಳ್ಳುಳ್ಳಿಯೇ. “ಸಾಕಾ ಉಮ್ಮ?” ಎಂದು ನಡುನಡುವೆ ಕೆಣಕುತ್ತಿದ್ದಳು. ಹತ್ತೊಂಬತ್ತನೆಯದಕ್ಕೆ ಬಂದಾಗ ಪರದೆಯ ಹತ್ತಿರ ಬಾಗಿ ಎರಡು ಸಲ ಓದಿದಳು.

“ಊರಿನ ಹೆಸರು ಬರೆದು ಹುಡುಕುವ ಜಾಗ ಉಂಟಲ್ಲ, ಅಲ್ಲಿ ಜನ ಬರೆದದ್ದು ತಡೆಯಿಲ್ಲದೆ ನೇರ ಒಳಗೆ ಹೋಗ್ತದಂತೆ. ಯಾರಾದರೂ ಊರಿನ ಹೆಸರಿನ ಬದಲು ಕಂಪ್ಯೂಟರಿಗೆ ಕೊಡುವ ಆಜ್ಞೆಯನ್ನೇ ಬರೆದರೆ...” ಎನ್ನುತ್ತಾ ಅವಳು ಆ್ಯಪ್ ತೆರೆದು, ಆ ಜಾಗದಲ್ಲಿ ಏನೋ ನಾಲ್ಕು ಚಿಹ್ನೆಗಳನ್ನು ಒತ್ತಿದಳು.

ಪರದೆಯ ಮೇಲೆ ಹೆಸರುಗಳು ಸುರಿಯತೊಡಗಿದವು. ಮೊದಲ ಹೆಸರು ನನ್ನದೇ. ನನ್ನ ನಂಬರ್, ನಮ್ಮ ಮನೆಯ ಗುರುತು. ಅದರ ಕೆಳಗೆ “ನನ್ನ ಮೇಲೆ ಬಿಡಿ” ಎಂದು ನಾನು ಹೇಳಿಬಂದಿದ್ದ ಒಬ್ಬೊಬ್ಬರೂ.

“ಈ ಸಲ ಬೆಳ್ಳುಳ್ಳಿ ಅಲ್ಲ ಉಮ್ಮ” ಎಂದಳು ನಾಝಿಯಾ.

ಆ್ಯಪ್ ಇನ್ನೂ ಯಾರ ಕೈಗೂ ಹೋಗಿರಲಿಲ್ಲ, ಅದೊಂದು ಅಲ್ಲಾಹನ ಕರುಣೆ. ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತು ಆ ಸಾಲುಗಳನ್ನು ಹೊಸದಾಗಿ ಬರೆದಳು. “ಇನ್ನು ಅಲ್ಲಿ ಏನು ಬರೆದರೂ ಅದು ಬರೀ ಹೆಸರು, ಆಜ್ಞೆ ಆಗಲಿಕ್ಕಿಲ್ಲ” ಎಂದು ವಿವರಿಸಿದಳು. ಈಗ ನನಗಿಂತ ಅವಳಿಗೇ ಹುರುಪು. ಉಳಿದ ಹನ್ನೆರಡನ್ನೂ ಜಾಲಾಡಿದಳು. ಅದೇ ತಪ್ಪು ಇನ್ನೊಂದು ಕಡೆ ಸಿಕ್ಕಿತು, ಅದನ್ನೂ ಸರಿಪಡಿಸಿದಳು. ಅಷ್ಟು ಹೊತ್ತೂ ಕರೆಂಟು ಹೋಗಲಿಲ್ಲ, ಅದೂ ಒಂದು ಕರುಣೆ. ಕೊನೆಗೆ ಮತ್ತೆ ಪರೀಕ್ಷೆಗೆ ಹಾಕಿದಾಗ ಆ ಎರಡು ಕೆಂಪು ಗುರುತುಗಳು ಕಾಣಲಿಲ್ಲ. ಮೊದಲಿನ ಚಿಹ್ನೆಗಳನ್ನೇ ಒತ್ತಿದಳು. “ಈ ಊರಿನಲ್ಲಿ ಯಾರೂ ಸಿಗಲಿಲ್ಲ” ಎಂದು ಬಂತು. ಯಾರೂ ಸಿಗಲಿಲ್ಲ ಎಂಬ ಮಾತು ಓದಿ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಬಸಳೆಯ ಲೋಳೆ ಹಿಡಿದ ಕೈಯಲ್ಲೇ ಮಗಳನ್ನು ಅಪ್ಪಿಕೊಂಡೆ.

ಭಾನುವಾರ ಹೊರಡುವಾಗ ಅವಳು, “ಅದನ್ನೆಲ್ಲ ಅಲ್ಲಿ ಹೇಳಬೇಡಿ ಉಮ್ಮ, ನನ್ನ ಮಾನ ಹೋಗ್ತದೆ” ಎಂದಿದ್ದಳು. ನಾನೂ ಹೇಳಬಾರದೆಂದೇ ಹೋದದ್ದು. ಆದರೆ ಎದುರಿಗೆ ಕುಳಿತ ಮುಖಗಳನ್ನು ನೋಡಿದಾಗ ಆಗಲಿಲ್ಲ. “ನಂಬರ್ ಹೊರಗೆ ಹೋಗುವುದಿಲ್ಲ ಅಂತ ನಾನು ಗೊತ್ತಿಲ್ಲದೆ ಹೇಳಿದ್ದೆ. ಮೊನ್ನೆ ಶುಕ್ರವಾರದವರೆಗೂ ಅದರಲ್ಲಿ ತೂತು ಇತ್ತು” ಎಂದು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ನಾಝಿಯಾ ತಲೆ ತಗ್ಗಿಸಿದ್ದಳು.

ಹಿಂದಿನ ಬೆಂಚಿನಿಂದ ಲಲಿತಕ್ಕ ಎದ್ದು ನಿಂತರು. “ಇನ್ನು ಎಲ್ಲಿಯೂ ಸೋರುವುದಿಲ್ಲ ಅಂತ ಖಂಡಿತವಾ ಮಗಾ?”

“ಖಂಡಿತ ಅಂತ ಹೇಳಲಿಕ್ಕೆ ಆಗುವುದಿಲ್ಲ ಅಕ್ಕ” ಎಂದಳು ನಾಝಿಯಾ, ಮೆಲ್ಲಗೆ. “ಪರೀಕ್ಷೆ ಮಾಡುವ ಸಾಫ್ಟ್‌ವೇರಿಗೆ ಕಾಣದ್ದೂ ಇರಬಹುದು. ಆದರೆ ಒಂದು ಸಾಲು ಬದಲಾಯಿಸಿದರೂ ಮತ್ತೆ ಪರೀಕ್ಷೆ ಮಾಡ್ತೇನೆ. ಅದು ಹೇಳಿದ್ದನ್ನು ಬದಿಗೆ ಹಾಕುವುದಿಲ್ಲ.”

ಲಲಿತಕ್ಕ ನನ್ನ ಕಡೆ ತಿರುಗಿದರು. “ಎಂತದೂ ಆಗುವುದಿಲ್ಲ ಅಂತ ಹೇಳುವವರು ಬೇಕಾದಷ್ಟು ಸಿಕ್ತಾರೆ ಜಮೀಲಾ. ತೂತು ಇತ್ತು ಅಂತ ಬಾಯಿಬಿಟ್ಟವಳು ನೀನೊಬ್ಬಳೇ. ತೆಗೆ, ನನ್ನ ನಂಬರ್ ಬರೆದುಕೋ.”

ನನ್ನ ಕಣ್ಣು ತುಂಬಿ ಅಂಕೆಗಳು ಕಾಣದೆ, ಕೊನೆಗೆ ನಾಝಿಯಾಳೇ ಬರೆದುಕೊಂಡಳು. ಈಗ ಆ್ಯಪ್‌ನಲ್ಲಿ ಏನಾದರೂ ಬದಲಾಯಿಸಿದರೆ ಹಾಸ್ಟೆಲಿನಿಂದ ಫೋನ್ ಮಾಡಿ, “ಮೂಸಿ ನೋಡಿದೆ ಉಮ್ಮ” ಎನ್ನುತ್ತಾಳೆ. ಮೊದಲೆಲ್ಲ ನಾನು ತಂಗಿಗಾಗಿ, ಅವಳ ಮಗುವಿಗಾಗಿ ಅಲ್ಲಾಹನಿಗೆ ಶುಕ್ರ್ ಹೇಳುತ್ತಿದ್ದೆ. ಈಗ ಅದರ ಜೊತೆಗೆ ಆ ಹತ್ತೊಂಬತ್ತನೆಯ ಕೆಂಪು ಗುರುತಿಗಾಗಿಯೂ ಹೇಳುತ್ತೇನೆ.