ಫೋಟೋ ಆಗುವವರೆಗೆ ಮುಟ್ಟಬಾರದ ಬದು

ಒಡೆದ ಬದುವನ್ನು ಮೂರೇ ದಿನಕ್ಕೆ ಕಟ್ಟಿ ಮುಗಿಸಿದ್ದು ನನ್ನ ತಪ್ಪು ಎಂದು ಊರವರೆಲ್ಲ ಹೇಳಿದರು. ನಮ್ಮ ಜಡೆ ಊರಿನ ಕಡೆ ಆ ವರ್ಷ ನಾಟಿ ಮುಗಿದ ಮೇಲೆ ಒಂದೇ ಸಮನೆ ಮಳೆ ಹೊಡೆದು, ನಮ್ಮ ಸಾಲಿನ ಗದ್ದೆಗಳ ಬದು ಅಲ್ಲಲ್ಲಿ ಕಿತ್ತುಹೋಗಿತ್ತು. ಸರ್ಕಾರ ಪರಿಹಾರ ಕೊಡುತ್ತದೆ, ಆದರೆ ಸಾಹೇಬರು ಬಂದು ಮೊಬೈಲಿನಲ್ಲಿ ಫೋಟೋ ಹೊಡೆಯುವವರೆಗೆ ಯಾರೂ ಮುಟ್ಟಬಾರದು ಎಂದು ಸುದ್ದಿ ಬಂತು. ಅಷ್ಟರಲ್ಲಿ ನನ್ನದು ಕಟ್ಟಿಯಾಗಿತ್ತು.

ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕಾಗದದ ವಿಷಯವಾದರೆ ನಾಲ್ಕು ಜನರನ್ನು ಕೇಳಿ ಹೆಜ್ಜೆ ಇಡುತ್ತೇನೆ. ಬದು ಕಟ್ಟಲು ಯಾರನ್ನೂ ಕೇಳುವುದಿಲ್ಲ.

ಮೇಲಿನ ಗದ್ದೆಯವರು ನನಗಿಂತ ಹಿರಿಯರು, ಅಣ್ಣ ಎಂದೇ ಕರೆಯುತ್ತೇನೆ. ಅವರ ಒಡೆದ ಬದುವಿನಿಂದ ನೀರೆಲ್ಲ ನನ್ನ ಗದ್ದೆಗೆ ಬಿದ್ದು, ನಾನು ಗಟ್ಟಿಯಾಗಿ ಕಟ್ಟಿದ್ದರಿಂದಲೇ ಅಲ್ಲಿ ನಿಂತುಬಿಟ್ಟಿತು. ಸಸಿಗಳ ತುದಿ ಮಾತ್ರ ಕಾಣುತ್ತಿತ್ತು. ಕೊಳೆತರೆ ಮತ್ತೆ ನೆಡಲು ಸಸಿಮಡಿಯಲ್ಲಿ ಒಂದು ಹಿಡಿ ಸಸಿಯೂ ಉಳಿದಿರಲಿಲ್ಲ.

"ಅಣ್ಣಾ, ನಾಲ್ಕು ಚೀಲ ಮಣ್ಣು ಹಾಕಾಣ."

"ನಾಳೆ ಬರ್ತಾರಂತೆ ಕಣೋ. ಮುಚ್ಚಿದ್ರೆ ಸಾಹೇಬ್ರಿಗೆ ನನ್ ಮೋರೆ ತೋರ್ಸ್ಲಾ? ನಿಂಗೆ ಎಲ್ಲದಕ್ಕೂ ಅವಸರ."

ಆ ನಾಳೆ ಮೂರು ದಿನ ಎಳೆಯಿತು. ಆನವಟ್ಟಿ ರಸ್ತೆಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದೆ. ಉಣ್ಣುವ ತಟ್ಟೆ ಬಿಟ್ಟು ಗದ್ದೆಗೆ ಓಡುತ್ತಿದ್ದೆ. ಹೆಂಡತಿಗೆ ಸಾಕಾಯಿತು.

"ಕಡಿದು ನೀರು ಬಿಡ್ರಿ ಅತ್ಲಾಗೆ."

"ನಾನು ಕಟ್ಟಿದ್ದನ್ನ ನಾನೇ ಕಡೀಲಾ?"

"ಹಂಗಾದ್ರೆ ಬದುನೇ ಬೇಯ್ಸಿ ಹಾಕ್ತೀನಿ, ಉಣ್ರಿ."

ಮರುದಿನ ಬೆಳಿಗ್ಗೆ ಹಳ್ಳದ ಕಡೆಯ ಮೂಲೆಯಲ್ಲಿ ಗುದ್ದಲಿ ಹಾಕಿದೆ. ನಾಲ್ಕು ಏಟಿಗೆ ಉಳಿದದ್ದನ್ನು ನೀರೇ ಕಿತ್ತುಕೊಂಡಿತು. ಆ ಮೂಲೆಯ ಸಸಿಗಳೂ ಮಣ್ಣಿನ ಜೊತೆ ಹೋದವು. ಮಿಕ್ಕವು ಕೆಸರು ಮೆತ್ತಿಕೊಂಡು ಒಂದೊಂದಾಗಿ ಮೇಲೆ ಕಂಡವು.

ಮಧ್ಯಾಹ್ನ ಸಾಹೇಬರು ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದರು. ಅಣ್ಣನ ಫೋಟೋ ಮುಗಿಸಿ ನನ್ನ ಕಡೆ ಇಳಿದರು.

"ಯಜಮಾನ್ರೆ, ನಿಮ್ದೂ ಒಡೆದಿದೆಯಲ್ಲ. ಪಕ್ಕಕ್ಕೆ ನಿಂತ್ಕೊಳ್ಳಿ."

"ಇದು ಮಳೆಗೆ ಒಡೆದಿದ್ದಲ್ಲ ಸರ್. ಬೆಳಿಗ್ಗೆ ನಾನೇ ಕಡಿದೆ. ಅಗಾ, ಹುಲ್ಲಿಲ್ಲದ ಜಾಗ ಕಾಣ್ತದಲ್ಲ, ಮಳೆಗೆ ಒಡೆದಿದ್ದು ಅದು. ಆವಾಗ್ಲೇ ಕಟ್ಟಿದೆ."

"ಕಟ್ಟಿದ್ದನ್ನ ಈ ಮೊಬೈಲಲ್ಲಿ ಹಾಕೋಕೆ ಬರಲ್ಲ. ಒಡೆದಿದ್ದು ಮಾತ್ರ."

"ಸುಮ್ನೆ ನಿಂತ್ಕಳಾ!" ಎಂದು ಅಣ್ಣ ಮೇಲಿನಿಂದ ಕೂಗಿದರು. "ನೀರೇ ಒಡೆದಿದ್ದು ಸರ್. ಅವನಿಗೆ ತಲೆ ಕೆಟ್ಟದೆ."

ಪಡುವಣ ಆಕಾಶ ಕಪ್ಪಾಗಿತ್ತು. ಈಗ ಮಳೆ ಹಿಡಿದರೆ ಮೇಲಿನಿಂದ ನುಗ್ಗಿದ ನೀರು ನಾನು ಕಡಿದ ಜಾಗದಿಂದ ಹೊರಬಿದ್ದು, ನಡುವಿನ ಸಸಿಯನ್ನೆಲ್ಲ ಬೇರುಸಹಿತ ಹಳ್ಳಕ್ಕೆ ಒಯ್ಯುತ್ತಿತ್ತು.

"ಅಣ್ಣನ ಫೋಟೋ ಆಯ್ತಲ್ಲ ಸರ್?"

"ಆಯ್ತು."

ನನ್ನ ಫೋಟೋಗೆ ನಾನು ನಿಲ್ಲಲಿಲ್ಲ. ಮೇಲೆ ಹತ್ತಿ ಅಣ್ಣನ ಬದುವಿಗೆ ಮೊದಲ ಬುಟ್ಟಿ ಮಣ್ಣು ಸುರಿದೆ. ಹುಚ್ಚ ಎಂದು ಬೈಯುತ್ತಲೇ ಅವರೂ ಗುದ್ದಲಿ ತಂದರು. ಅದು ಮುಗಿದು ನನ್ನ ಮೂಲೆಗೆ ಇಳಿಯುವಾಗ ದಪ್ಪ ಹನಿ ಶುರುವಾಗಿತ್ತು. ಇಬ್ಬರೂ ತೊಯ್ದುಕೊಂಡೇ ಮುಚ್ಚಿದೆವು.

ಸಸಿ ಉಳಿಯಿತು, ಆ ಮೂಲೆಯೊಂದು ಬಿಟ್ಟು. ಪರಿಹಾರದ ಪಟ್ಟಿಯಲ್ಲಿ ಅಣ್ಣನ ಹೆಸರಿತ್ತು, ನನ್ನದಿರಲಿಲ್ಲ. ಅದಕ್ಕೆ ಈಗ ಬೇಸರವಿಲ್ಲ. ಆದರೆ ಇವತ್ತಿಗೂ ಮಳೆ ಜೋರಾದರೆ ನನ್ನ ಬದುವಿಗಿಂತ ಮೊದಲು ಅಣ್ಣನ ಬದು ನೋಡಲು ಓಡುತ್ತೇನೆ.