ಪಾಠದ ಉಳಿದರ್ಧ

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಆಕೆಯನ್ನು ಎಲ್ಲರೂ ಲೆಕ್ಕದ ಮೇಡಂ ಎಂದೇ ಕರೆಯುತ್ತಿದ್ದರು. ನಾಳೆ ಶಾಲೆಗಳಲ್ಲಿ ಗಣಿತ ಹೇಳಿಕೊಡಬೇಕಾದವರನ್ನು ಇಂದು ತಿದ್ದಿ ತೀಡುವುದು ಆಕೆಯ ಕೆಲಸ. ಗಟ್ಟಿ ದನಿ, ಸಡಿಲ ಜಡೆ, ಸದಾ ಸೀಮೆಸುಣ್ಣ ಮೆತ್ತಿದ ಸೆರಗು. ಟ್ಯಾಬ್ಲೆಟ್ಟು, ಪ್ರೊಜೆಕ್ಟರು ಎಂದರೆ ಮೂಗು ಮುರಿಯುವವರ ಪೈಕಿಯಲ್ಲ. ಮೊದಲ ಮಹಡಿಯ ತನ್ನ ಕೋಣೆಗೆ ಹಳೇ ಪ್ರೊಜೆಕ್ಟರನ್ನು ಹಟ ಹಿಡಿದು ತರಿಸಿಕೊಂಡವಳೇ ಆಕೆ. ಅದು ಬಿಳಿಯನ್ನೆಲ್ಲ ಹಳದಿಯಾಗಿ ತೋರಿಸುತ್ತಿತ್ತು. ‘ನಮ್ಮ ತ್ರಿಕೋನಗಳಿಗೆಲ್ಲ ಕಾಮಾಲೆ’ ಎಂದು ಆಕೆಯೇ ನಗಿಸುತ್ತಿದ್ದಳು.

ಆಕೆಯ ಪದ್ಧತಿಯೊಂದಿತ್ತು. ವಿದ್ಯಾರ್ಥಿಗಳು ಪಕ್ಕದ ಶಾಲೆಗೆ ಹೋಗಿ ಪಾಠ ಮಾಡುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದಳು. ಸಂಜೆ ಕಿಟಕಿಯ ಪರದೆ ಎಳೆದು ಎಲ್ಲರೂ ಸೇರಿ ಅದನ್ನು ನೋಡುತ್ತಿದ್ದರು. ಎಲ್ಲಿ ತಡವರಿಸಿದೆ, ಮಗು ಕೇಳಿದ್ದೇನು, ತಾನು ಕೇಳಿಸಿಕೊಂಡಿದ್ದೇನು, ತೆರೆಯ ಮೇಲಿನ ಚಿತ್ರ ಉತ್ತರ ಹೇಳಿತೋ ಅಥವಾ ಪ್ರಶ್ನೆಯನ್ನೇ ನುಂಗಿತೋ, ಹೀಗೆ ಎಳೆಎಳೆಯಾಗಿ ಬಿಡಿಸುವುದು. ಮೊದಲ ದಿನ ಎಲ್ಲರಿಗೂ ಬೆವರು. ಆಗ ಆಕೆ ಒಂದು ಮಾತು ಕೊಡುತ್ತಿದ್ದಳು: ಇಲ್ಲಿ ನೋಡಿದ್ದು ಈ ನಾಲ್ಕು ಗೋಡೆ ದಾಟುವುದಿಲ್ಲ. ಆ ಮಾತಿನ ಮೇಲೆಯೇ ಅವರು ಧೈರ್ಯವಾಗಿ ತಪ್ಪು ಮಾಡುತ್ತಿದ್ದರು.

ಹಾಗೆ ತಪ್ಪು ಮಾಡಿ ಮಾಡಿ ಮೇಲೆ ಬಂದವರಲ್ಲಿ ಒಬ್ಬ ಉದ್ದಣ್ಣ. ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚೇ ಇದ್ದುದರಿಂದ ಗೆಳೆಯರಿಟ್ಟ ಹೆಸರು. ಮೇಡಂ ಮನೆಯಲ್ಲಿ ಉಂಡು ಬೆಳೆದವನೆಂದರೂ ಸರಿಯೇ. ಬಲ್ಬು ಬದಲಿಸಲು ಇವನಿದ್ದರೆ ಏಣಿ ಬೇಡ ಎಂದು ಆಕೆಯ ಗಂಡ ತಮಾಷೆ ಮಾಡುತ್ತಿದ್ದ. ಮಕ್ಕಳಿಲ್ಲದ ಮನೆಗೆ ‘ದತ್ತುಪುತ್ರ ಬಂದ’ ಎಂದು ಬಾಗಿಲು ತೆರೆಯುತ್ತಿದ್ದ. ಕಂಪ್ಯೂಟರಿನಲ್ಲಿ ಅವನ ಕೈ ಚುರುಕು. ಓದು ಮುಗಿದ ಮೇಲೆ ಟ್ಯಾಬ್ಲೆಟ್ಟಿಗೆ ಸಿದ್ಧ ಪಾಠಗಳನ್ನು ತಯಾರಿಸಿ ಮಾರುವ ಕಂಪನಿಯೊಂದನ್ನು ಸೇರಿದ. ಆದರೂ ಮೇಡಂ ಕರೆದಾಗಲೆಲ್ಲ ಬಂದು ಕಾಲೇಜಿನ ಯಂತ್ರಗಳನ್ನು ಸರಿಮಾಡಿ ಹೋಗುತ್ತಿದ್ದ. ಫೋನು ತುಂಬಿ ತುಳುಕಿದಾಗ ವಿಡಿಯೋಗಳನ್ನೆಲ್ಲ ಕಾಲೇಜಿನ ಕಂಪ್ಯೂಟರಿಗೆ ಹಾಕಿ ಜೋಡಿಸಿಟ್ಟವನೂ ಅವನೇ. ಪಾಸ್‌ವರ್ಡ್ ಇಬ್ಬರಿಗೇ ಗೊತ್ತಿತ್ತು.

ಆ ವರ್ಷದ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವವಳೊಬ್ಬಳಿದ್ದಳು. ಎರಡು ಮಕ್ಕಳ ತಾಯಿ, ಉಳಿದವರಿಗಿಂತ ಹತ್ತು ವರ್ಷ ದೊಡ್ಡವಳು. ಎಲ್ಲರಿಗೂ ಅವಳು ಎಡಗೈಯಕ್ಕ. ಕಲಿಯುವ ಹಂಬಲ ಎಷ್ಟಿತ್ತೋ, ನಾಲ್ಕು ಜನರ ಮುಂದೆ ನಗೆಪಾಟಲಾದೇನೆಂಬ ಅಳುಕೂ ಅಷ್ಟೇ ಇತ್ತು. ಕ್ಯಾಮೆರಾ ಬೇಡವೆಂದು ಕೈಮುಗಿದಿದ್ದಳು. ಮೇಡಂ ಅವಳನ್ನು ಪಕ್ಕಕ್ಕೆ ಕರೆದು, ತನ್ನ ಮೇಲೆ ನಂಬಿಕೆಯಿಡುವಂತೆ ಹೇಳಿ ಒಪ್ಪಿಸಿದ್ದಳು.

ಅವಳ ಪಾಠ ಭಿನ್ನರಾಶಿಯ ಭಾಗಾಕಾರ. ಟ್ಯಾಬ್ಲೆಟ್ಟಿನಲ್ಲಿ ಮೂರು ಪಟ್ಟಿಗಳನ್ನು ಎಳೆದು, ಅರ್ಧದಿಂದ ಭಾಗಿಸುವ ಗುಂಡಿ ಒತ್ತಿದಳು. ಪಟ್ಟಿಗಳು ತುಂಡಾಗಿ ಆರು ಎಂಬ ಉತ್ತರ ಮೂಡಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಭಾಗಿಸಿದರೆ ಕಡಿಮೆಯಾಗಬೇಕಲ್ಲ, ಹೆಚ್ಚಾಯಿತೇಕೆ ಎಂದು ಕೇಳಿದಳು. ಎಡಗೈಯಕ್ಕ ತೆರೆಯನ್ನೇ ನೋಡಿದಳು. ಕೊನೆಗೆ, “ಯಾಕಂದ್ರೆ... ಇದ್ರಲ್ಲಿ ಹಂಗೇ ಬರುತ್ತೆ” ಎಂದಳು.

ಪಾಠ ಅಲ್ಲಿಗೆ ಮುಗಿದಿರಲಿಲ್ಲ. ಅವಳು ಟ್ಯಾಬ್ಲೆಟ್ಟನ್ನು ಬೋರಲು ಹಾಕಿ, ನನಗೂ ಸರಿಯಾಗಿ ಗೊತ್ತಿಲ್ಲ, ನೋಡೋಣ ಬಾ ಎಂದು ಆ ಹುಡುಗಿಯನ್ನು ಕರೆದಳು. ಇಬ್ಬರೂ ಕಾಗದದ ಮೂರು ಪಟ್ಟಿಗಳನ್ನು ಮಡಿಸಿ, ಮೂರರಲ್ಲಿ ಎಷ್ಟು ಅರ್ಧಗಳಿವೆ ಎಂದು ಎಣಿಸಿದರು. ಹುಡುಗಿಯ ಮುಖ ಅರಳಿತು. ಆಮೇಲೆ ಟ್ಯಾಬ್ಲೆಟ್ಟನ್ನು ಮತ್ತೆ ತೆಗೆದು ಅದೇ ಚಿತ್ರ ತೋರಿಸಿದಾಗ ಇಡೀ ತರಗತಿಗೆ ಅದು ಹೇಳುವುದೇನೆಂದು ತಿಳಿಯಿತು. ಇಷ್ಟು ವರ್ಷಗಳಲ್ಲಿ ಇಷ್ಟು ಒಳ್ಳೆಯ ಪಾಠ ಚಿತ್ರೀಕರಿಸಿಲ್ಲ ಎಂದು ಮೇಡಂ ಖುಷಿಯಿಂದ ಉದ್ದಣ್ಣನಿಗೆ ಫೋನಿನಲ್ಲಿ ಹೇಳಿದಳು. ತಪ್ಪದೆ ನೋಡು ಎಂದೂ ಹೇಳಿದಳು.

ಅವನು ನೋಡಿದ.

ಬೇಸಿಗೆಯಲ್ಲಿ ಸುತ್ತಲಿನ ತರಬೇತಿ ಕಾಲೇಜುಗಳ ದೊಡ್ಡ ಸಭೆಯೊಂದು ನಡೆಯಿತು. ಮೇಡಂ ತನ್ನ ತರಗತಿಯನ್ನೆಲ್ಲ ಕಟ್ಟಿಕೊಂಡು ಹೋಗಿದ್ದಳು. ಮಾತಾಡುವವನು ತನ್ನ ಶಿಷ್ಯನೆಂಬ ಹೆಮ್ಮೆ ಬೇರೆ. ವೇದಿಕೆಯ ಮೇಲೆ ಉದ್ದಣ್ಣ, ಶಿಕ್ಷಕರ ಕೈಗೆ ತಂತ್ರಜ್ಞಾನ ಕೊಟ್ಟರೆ ಏನಾಗುತ್ತದೆ ನೋಡಿ ಎಂದು ತೆರೆ ಬೆಳಗಿಸಿದ. ಮುಖ ಮಸುಕು ಮಾಡಿದ ಹೆಂಗಸೊಬ್ಬಳು ಎಡಗೈಯಲ್ಲಿ ಪಟ್ಟಿಗಳನ್ನು ಎಳೆಯುತ್ತಿದ್ದಳು. “ಯಾಕಂದ್ರೆ... ಇದ್ರಲ್ಲಿ ಹಂಗೇ ಬರುತ್ತೆ.” ಚಿತ್ರ ಅಲ್ಲಿಗೇ ನಿಂತಿತು. ಸಭೆಯೆಲ್ಲ ಗೊಳ್ಳೆಂದಿತು. ಆದ್ದರಿಂದಲೇ ನಮ್ಮ ಸಿದ್ಧ ಪಾಠ, ಶಿಕ್ಷಕರು ಗುಂಡಿ ಒತ್ತಿ ಪಕ್ಕಕ್ಕೆ ನಿಂತರೆ ಸಾಕು ಎಂದು ಅವನು ಮುಂದುವರಿಸಿದ.

ಮೇಡಂ ತಿರುಗಿ ನೋಡುವಷ್ಟರಲ್ಲಿ ಹಿಂದಿನ ಸಾಲಿನ ಒಂದು ಕುರ್ಚಿ ಖಾಲಿಯಾಗಿತ್ತು. ಉಳಿದ ವಿದ್ಯಾರ್ಥಿಗಳು ತೆರೆಯನ್ನು ನೋಡುತ್ತಿರಲಿಲ್ಲ. ಮೇಡಂ ಕಡೆಗೇ ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ಪಡಸಾಲೆಯಲ್ಲಿ ಅವನನ್ನು ತಡೆದು ನಿಲ್ಲಿಸಿದಳು. 

“ಉಳಿದರ್ಧ ಎಲ್ಲೋ?” ಎಂದಳು.

ಅವನು ಮುಖ ಮಸುಕು ಮಾಡಿದ್ದನ್ನು ನೆನಪಿಸಿದ. ಹೆಸರು ಎಲ್ಲೂ ಹಾಕಿಲ್ಲವೆಂದ. ತಪ್ಪನ್ನು ತೋರಿಸಿದರೇ ಜನ ಕಲಿಯುವುದೆಂದು ಹೇಳಿಕೊಟ್ಟವರು ನೀವೇ ಅಲ್ಲವೇ ಎಂದ.

“ನಾನು ಕೇಳಿದ್ದು ಅದಲ್ಲ. ಅವಳು ಆಮೇಲೆ ಮಾಡಿದ್ದನ್ನ ನೋಡಿದ್ಯಾ, ಇಲ್ವಾ?”

“ನೋಡ್ದೆ ಮೇಡಂ. ಚೆನ್ನಾಗೇ ಇತ್ತು.” ಅವನು ಗಡಿಯಾರ ನೋಡಿಕೊಂಡ. “ಅದನ್ನ ಹಾಕಿದ್ರೆ ನಮ್ಮ ಪಾಠ ಯಾರು ತಗೋತಾರೆ?”

ಗೊತ್ತಿಲ್ಲದೆ ಮಾಡಿದ್ದಾನೆಂದು ಅಲ್ಲಿಯವರೆಗೆ ಮನಸ್ಸಿನ ಒಂದು ಮೂಲೆಯಲ್ಲಿ ಅಂದುಕೊಂಡಿದ್ದಳು. ಆ ಆಸರೆಯೂ ಕೈಬಿಟ್ಟಿತು. ಒಳ್ಳೆಯದೆಂದು ಗೊತ್ತಿದ್ದೇ ಕತ್ತರಿ ಹಾಕಿದ್ದ.

ಪ್ರಾಂಶುಪಾಲರ ಬಳಿ ದೂರು ಕೊಂಡೊಯ್ದಳು. ಅವರು ಕನ್ನಡಕ ಒರೆಸಿಕೊಳ್ಳುತ್ತ, ಕಾಲೇಜಿನ ಕಂಪ್ಯೂಟರಿನಲ್ಲಿದ್ದದ್ದು ಕಾಲೇಜಿನದು, ಬಳಸಿಕೊಳ್ಳಲು ಉದ್ದಣ್ಣನಿಗೆ ತಾವೇ ಒಪ್ಪಿಗೆ ಕೊಟ್ಟದ್ದು ಎಂದು ತಣ್ಣಗೆ ಹೇಳಿದರು. ಬದಲಿಗೆ ಸಿದ್ಧ ಪಾಠಗಳು ಕಾಲೇಜಿಗೆ ಪುಕ್ಕಟೆ ಬರುತ್ತವಂತೆ. ಆಕೆಯನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಅಥವಾ ಹೊಳೆದಿತ್ತು.

ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, “ನಮ್ಮ ಹುಡುಗನೇ ಅಲ್ವೇನೇ” ಎಂದ. ಅದು ಬೈಗುಳವೋ ವಕಾಲತ್ತೋ ಆಕೆಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ.

ಎರಡನೇ ವರ್ಷಕ್ಕೆ ಕಾಲೇಜು ಮತ್ತೆ ತೆರೆದ ದಿನ ಅದೇ ತರಗತಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದಳು. ಪಾಸ್‌ವರ್ಡ್ ಕೊಟ್ಟದ್ದು ತಾನೇ, ಪಾಠ ನೋಡೆಂದು ಹುರಿದುಂಬಿಸಿದ್ದೂ ತಾನೇ ಎಂದಳು. ಎಡಗೈಯಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಎದ್ದು ನಿಂತಳು.

“ನೀವು ಅವ್ರನ್ನ ನಂಬಿದ್ರಿ. ನಾನು ಅವ್ರನ್ನ ನಂಬಿರ್ಲಿಲ್ಲ ಮೇಡಂ. ನನಗೆ ಅವ್ರು ಯಾರು ಅಂತಾನೇ ಗೊತ್ತಿರ್ಲಿಲ್ಲ. ನಾನು ನಂಬಿದ್ದು ನಿಮ್ಮನ್ನ.”

ಅಷ್ಟು ಹೇಳಿ ಕೂತಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಮೇಡಂಗೆ ಅನ್ನಿಸಿತು.

ಆಕೆ ವಿಡಿಯೋಗಳನ್ನು ಅಳಿಸಿದಳು. ಫೋನು ಚೀಲದಿಂದ ಹೊರಬರುವುದೇ ನಿಂತಿತು. ಆದರೂ ಆ ವರ್ಷವಿಡೀ ಆ ತರಗತಿಯಲ್ಲಿ ಯಾರೂ ತಪ್ಪು ಮಾಡಲಿಲ್ಲ. ಎಲ್ಲರೂ ಬಾಯಿಪಾಠ ಮಾಡಿದಂತೆ ಗುಂಡಿ ಒತ್ತಿದರು, ತೆರೆ ಹೇಳಿದ್ದನ್ನೇ ಹೇಳಿದರು. ಮಕ್ಕಳು ಕೈಯೆತ್ತಿದರೆ ಕಾಣದವರಂತೆ ಮುಂದಿನ ಚಿತ್ರಕ್ಕೆ ಹೋದರು. ಹಿಂದಿನ ಬೆಂಚಿನಲ್ಲಿ ಬರಿಗೈಯಲ್ಲಿ ಕೂತ ಆಕೆಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಚೆನ್ನಾಗಿತ್ತು ಎಂದು ಎದ್ದು ಬರುತ್ತಿದ್ದಳು.

ಉದ್ದಣ್ಣ ಒಂದೆರಡು ಸಲ ಫೋನು ಮಾಡಿದ. ಎತ್ತಲಿಲ್ಲ. ಒಂದು ಸಂಜೆ ಬಾಗಿಲಿಗೇ ಬಂದ. ಗಂಡ ಎದ್ದು ಹೋಗಿ ಬಾಗಿಲು ತೆರೆದನಾದರೂ, ಒಳಗೆ ಬಾ ಎನ್ನುವ ಮಾತು ಅವನ ಬಾಯಿಂದ ಹೊರಡಲಿಲ್ಲ. ಇಬ್ಬರೂ ಹೊಸ್ತಿಲ ಆಚೀಚೆ ನಿಂತು ಹವಾಮಾನದ ಬಗ್ಗೆ ಮಾತಾಡಿದರು. ಅಡುಗೆಮನೆಯಲ್ಲಿ ಆಕೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಲೇ ಇದ್ದಳು.

ಎಡಗೈಯಕ್ಕನಿಗೆ ಊರ ಅಂಚಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕೆಲವು ತಿಂಗಳ ಮೇಲೆ ಮೇಡಂ, ಕರೆಯದಿದ್ದರೂ, ಅಲ್ಲಿಗೆ ಹೋದಳು. ತರಗತಿಯ ಬಾಗಿಲಲ್ಲಿ ನಿಂತು, ಹಿಂದೆ ಕೂತು ಪಾಠ ಕೇಳಬಹುದೇ ಎಂದು ಕೇಳಿದಳು. ಎಡಗೈಯಕ್ಕ ಆಕೆಯ ಮುಖವನ್ನಲ್ಲ, ಹೆಗಲಿನ ಚೀಲವನ್ನು ನೋಡಿದಳು.

“ಫೋನ್ ಆಫೀಸಲ್ಲಿ ಇಟ್ಟು ಬನ್ನಿ ಮೇಡಂ.”

ಮೇಡಂ ಉದ್ದನೆಯ ಪಡಸಾಲೆ ದಾಟಿ, ಗುಮಾಸ್ತರ ಮೇಜಿನ ಮೇಲೆ ಚೀಲವನ್ನೇ ಇಟ್ಟು ಬಂದಳು. ಬರುವಷ್ಟರಲ್ಲಿ ಪಾಠ ಶುರುವಾಗಿತ್ತು. ಕೊನೆಯ ಬೆಂಚಿನ ಹುಡುಗರು ಸರಿದು ಜಾಗ ಕೊಟ್ಟರು. ಆಕೆ ಮೊಣಕಾಲು ಮಡಿಚಿ ಅಲ್ಲಿ ಕೂತಳು.