ಹತ್ತೊಂಬತ್ತು ರೊಟ್ಟಿ ತಿಂದವಳ ಹೆಸರಿಲ್ಲ

ಗೆಳೆಯರೇ, ಇವತ್ತು ಭಾಲ್ಕಿ ಬಸ್ ನಿಲ್ದಾಣದ ಎದುರು ಒಂದು ಬ್ಯಾನರ್ ಕಂಡೆ. ಜೋಳದ ರೊಟ್ಟಿ ತಿನ್ನುವ ಸ್ಪರ್ಧೆಯ ಇತಿಹಾಸವಂತೆ. ಮೊದಲ ವರ್ಷದ ವಿಜೇತರು ಭಾತಂಬ್ರಾದ ಒಬ್ಬ ಪೈಲ್ವಾನರು, ಹದಿನೈದು ರೊಟ್ಟಿ. ಅವತ್ತು ನಮ್ಮ ಚಿಕ್ಕಮ್ಮ ಹತ್ತೊಂಬತ್ತು ತಿಂದದ್ದನ್ನು ಒಲೆಯ ಪಕ್ಕ ಕೂತು ಎಣಿಸಿದವಳು ನಾನು.

ಚಿಕ್ಕಮ್ಮನ ಹೆಸರು ಯಾಕಿಲ್ಲ ಎಂದು ಬ್ಯಾನರ್ ಕಟ್ಟಿಸುತ್ತಿದ್ದ ಸಮಿತಿಯ ಅಧ್ಯಕ್ಷರನ್ನೇ ಕೇಳಿದೆ.

"ಗಂಡಸರು ಉಂಡು ಎದ್ದ ಮ್ಯಾಲ ನಿಮ್ಮ ಚಿಕ್ಕಮ್ಮ ಉಂಡಾರರಿ. ಅದು ಲೆಕ್ಕಕ್ಕ ಬರಂಗಿಲ್ಲ."

"ಮೊದಲ ಯಾಕ ಕೂಡ್ಲಿಲ್ಲರಿ ಅವರು?"

"ಹ್ಯಾಂಗ ಕೂಡ್ತಾರರಿ? ಎಲ್ಲರಿಗೂ ರೊಟ್ಟಿ ಬಡೀಲಾಕ ಹತ್ತಿದ್ದರು."

ಅದೇ ಉಸಿರಿನಲ್ಲಿ, "ಈ ಐತವಾರದ ಸ್ಪರ್ಧೆಗೂ ಅವರನ್ನ ಕಳಸ್ರಿ. ಅವರ ಕೈ ರೊಟ್ಟಿ ಭಾಳ ಮೆತ್ತಗಿರ್ತಾವ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾಚಿಕೆ ಎಂಬುದೊಂದು ಬೇಡವೇ? ಅಲ್ಲಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಬರ್ತೇನಿ ಅಂತ ಹೇಳು" ಅಂದಳು. "ಆದ್ರ ಈ ಸಲ ಬಡಿದದ್ದು ಮೊದಲ ನಾ ಉಣ್ತೇನಿ. ಉಳಿದ್ರ ಅವರಿಗೆ."

ಭಾನುವಾರ ಸ್ಪರ್ಧೆಗೆ ಹೋಗುವ ಗಂಡಸರು ದಯವಿಟ್ಟು ಮನೆಯಲ್ಲೇ ಉಂಡು ಹೋಗಿ.